ಎಡವಿದಾಗ ವೆಬ್‌ಸೈಟ್ ಯಾರಿಗೆ ಏನು ಹೇಳಬೇಕು?

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಲಕ್ಷಾಂತರ ಮನೆಗಳಲ್ಲಿ ಒಂದೇ ಹೊತ್ತಿಗೆ ರಿಜಿಸ್ಟರ್ ನಂಬರ್ ಒತ್ತುತ್ತಾರೆ. ಅಂಥ ಕೋರಿಕೆಗಳಿಗೆಲ್ಲ ಉತ್ತರ ಹುಡುಕಿಕೊಡುವುದು ಪುಟದ ಹಿಂದಿರುವ ಡೇಟಾಬೇಸ್. ಅದಕ್ಕೂ ಮಿತಿಯಿದೆ. ಪೋಸ್ಟ್‌ಗ್ರೆಸ್ ಎಂಬ ಜನಪ್ರಿಯ ಡೇಟಾಬೇಸ್, ಸೆಟ್ಟಿಂಗ್ ಬದಲಿಸದಿದ್ದರೆ, ಒಮ್ಮೆಗೆ 100 ಸಂಪರ್ಕಗಳನ್ನಷ್ಟೇ ಒಪ್ಪುತ್ತದೆ, ಮೈಎಸ್‌ಕ್ಯೂಎಲ್ 151. ಒಂದೊಂದು ಕೆಲಸವೂ ಕ್ಷಣಾರ್ಧದಲ್ಲಿ ಮುಗಿಯುವುದರಿಂದ ಮಾಮೂಲಿ ದಿನಗಳಲ್ಲಿ ಅಷ್ಟು ಸಾಕು. ನೂಕುನುಗ್ಗಲಾದ ದಿನ ಸಾಲದು.

ಆಗ ಅವಸರದಲ್ಲಿ ಕಟ್ಟಿದ ಸೈಟು ಡೇಟಾಬೇಸ್ ಕೊಟ್ಟ ಎರರ್ ಮೆಸೇಜನ್ನೇ ಪರದೆಗೆ ಸುರಿಯುತ್ತದೆ: ಟೇಬಲ್‌ನ ಹೆಸರು, ಫೈಲಿನ ವಿಳಾಸ, ಕೋಡ್‌ನ ಎಷ್ಟನೆಯ ಸಾಲು ಎಂಬುದೂ ಸೇರಿ. ಮಗಳ ಅಂಕಕ್ಕೆ ಕಾದು ಕೂತ ತಾಯಿಗೆ ಇದರಿಂದ ಏನೂ ಉಪಯೋಗವಿಲ್ಲ. ಹ್ಯಾಕರ್‌ಗಳಿಗಾದರೋ ಇದು ಕನ್ನ ಹಾಕುವ ಮನೆಯ ನಕ್ಷೆ ಸಿಕ್ಕಂತೆ. ಎಸ್‌ಕ್ಯೂಎಲ್ ಇಂಜೆಕ್ಷನ್ ದಾಳಿಯಲ್ಲಿ ಬೇಕೆಂದೇ ಅಡ್ಡಾದಿಡ್ಡಿ ಅಕ್ಷರ ತುಂಬಿ ಇಂಥ ಮೆಸೇಜ್ ಹೊರಡಿಸುತ್ತಾರೆ. ಆ ವಿವರವೆಲ್ಲ ಸೇರಬೇಕಾದ್ದು ಎಂಜಿನಿಯರ್‌ಗಳು ನೋಡುವ ದಾಖಲೆಗೆ, ಅಂದರೆ ಸರ್ವರ್‌ನ ಲಾಗ್‌ಗೆ. ತಾಯಿಗೆ ಬೇಕಾದ ಮಾತು ಬೇರೆ: ಈಗ ದಟ್ಟಣೆಯಿದೆ, ಫಲಿತಾಂಶ ಎಲ್ಲೂ ಹೋಗಿಲ್ಲ, ಹತ್ತು ನಿಮಿಷ ಬಿಟ್ಟು ನೋಡಿ.

ಹಣದ ವಿಷಯದಲ್ಲಿ ಈ ಮಾತಿಗೆ ಇನ್ನಷ್ಟು ತೂಕ. ಡೇಟಾಬೇಸಿನಲ್ಲಿ ಟ್ರಾನ್ಸಾಕ್ಷನ್ ಎಂಬ ವ್ಯವಸ್ಥೆಯಿದೆ: ಎಲ್ಲ ಹಂತಗಳೂ ಪೂರೈಸಬೇಕು, ನಡುವೆ ಒಂದು ಕೆಟ್ಟರೆ ಮಾಡಿದ್ದೆಲ್ಲ ರದ್ದಾಗಿ ಮೊದಲಿನ ಸ್ಥಿತಿಗೆ ಮರಳಬೇಕು. ಆದರೆ ಬ್ಯಾಂಕಿನ ಡೇಟಾಬೇಸ್ ಬೇರೆ, ಅಂಗಡಿಯದು ಬೇರೆ. ಖಾತೆಯಿಂದ ಹಣ ಹೋಗಿ ಅಂಗಡಿಗೆ ಖಾತ್ರಿ ಸಿಗದೆ ಉಳಿಯುವುದು ಇಲ್ಲೇ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಅಂಗಡಿಗೆ ಮಾಡಿದ ಯುಪಿಐ ಪಾವತಿ ಹೀಗೆ ಕೆಟ್ಟರೆ 5 ದಿನದೊಳಗೆ ಹಣ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ‘ಏನೋ ತಪ್ಪಾಗಿದೆ’ ಎಂದು ಕೈತೊಳೆದುಕೊಳ್ಳುವ ಪುಟ, ವಹಿವಾಟಿನ ಸಂಖ್ಯೆಯ ಜೊತೆಗೆ ಈ ಒಂದು ಸಾಲನ್ನೂ ತೋರಿಸಿದರೆ ಎಷ್ಟೋ ಜನರ ಎದೆಬಡಿತ ಇಳಿದೀತು.

ಇನ್ನು ಎಂಜಿನಿಯರ್‌ಗೆ ತಲುಪಬೇಕಾದ ಸಂದೇಶವೇ ತಲುಪದಿದ್ದರೆ?

ಪ್ರೋಗ್ರಾಮರುಗಳು ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ತಾಣದಲ್ಲಿ 2017ರ ಜನವರಿ 31ರಂದು ಇದೇ ಆಯಿತು. ದುರಸ್ತಿಗೆ ಕೂತ ಎಂಜಿನಿಯರ್ ಒಬ್ಬರು ಬೇರೊಂದು ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನಲ್ಲೇ ಡಿಲೀಟ್ ಆಜ್ಞೆ ಕೊಟ್ಟರು. ತಡೆಯುವಷ್ಟರಲ್ಲಿ 300 ಜಿಬಿಯಷ್ಟಿದ್ದ ಡೇಟಾದಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಹುಡುಕಿದರೆ ಅದೂ ಇಲ್ಲ! ಬ್ಯಾಕಪ್ ಸಾಧನದ ಆವೃತ್ತಿ 9.2, ಡೇಟಾಬೇಸಿನದು 9.6, ಹೊಂದಾಣಿಕೆಯಾಗದೆ ಅದು ಪ್ರತಿಸಲವೂ ವಿಫಲವಾಗುತ್ತಿತ್ತು. ಹಾಗೆಂದು ಇಮೇಲನ್ನೂ ಕಳಿಸುತ್ತಿತ್ತು. ಡಿಜಿಟಲ್ ಸಹಿಯಿಲ್ಲದ ಆ ಇಮೇಲುಗಳನ್ನು ಮೇಲ್ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಕೊನೆಗೆ ಕೈಗೆ ಬಂದದ್ದು ಬೇರಾವುದೋ ಕೆಲಸಕ್ಕೆಂದು ಸುಮಾರು 6 ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ನಕಲು. ನಡುವಿನ ಆ ಗಂಟೆಗಳಲ್ಲಿ ಸೇರಿದ್ದ ಸುಮಾರು 700 ಹೊಸ ಖಾತೆಗಳ ಮಾಹಿತಿ ಮರಳಲಿಲ್ಲ.

ಆದರೂ ಬಳಕೆದಾರರನ್ನು ಅವರು ಕತ್ತಲಲ್ಲಿಡಲಿಲ್ಲ. ದುರಸ್ತಿಯ ಟಿಪ್ಪಣಿಗಳನ್ನು ಯಾರು ಬೇಕಾದರೂ ಓದುವಂತೆ ತೆರೆದಿಟ್ಟರು, ಕೆಲಸವನ್ನೇ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರು. ಬ್ಯಾಕಪ್ ಕೈಕೊಟ್ಟದ್ದೇಕೆಂಬ ವಿವರವನ್ನೂ ಅವರೇ ಬರೆದು ಪ್ರಕಟಿಸಿದರು.