ಜ್ವರದ ಮಗುವಿಗೆ ಫಿಟ್ಸ್ ಬಂದಾಗ

ಜ್ವರದಿಂದ ಮಲಗಿದ್ದ ಒಂದೂವರೆ ವರ್ಷದ ಮಗು ಇದ್ದಕ್ಕಿದ್ದ ಹಾಗೆ ಕಣ್ಣುಗುಡ್ಡೆ ಮೇಲೆ ಮಾಡಿ ಸೆಟೆದುಕೊಳ್ಳುತ್ತದೆ. ಹಿಂದೆಯೇ ಕೈಕಾಲು ಅದುರುತ್ತವೆ, ಬಾಯಲ್ಲಿ ನೊರೆ ಬರುತ್ತದೆ, ತುಟಿ ನೀಲಿಗಟ್ಟುತ್ತದೆ. ಹೆಸರು ಹಿಡಿದು ಕೂಗಿದರೂ ಓಗೊಡುವುದಿಲ್ಲ. ಮನೆಯವರ ಜೀವ ಬಾಯಿಗೆ ಬರುತ್ತದೆ. ಒಬ್ಬರು ಹಲ್ಲಿನ ನಡುವೆ ಚಮಚ ತುರುಕುತ್ತಾರೆ, ಇನ್ನೊಬ್ಬರು ಅಂಗೈಗೆ ಬೀಗದ ಕೈ ಕೊಡುತ್ತಾರೆ, ಮತ್ತೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಸೆಳೆತ ತಾನಾಗಿ ನಿಂತಾಗ, ಬೀಗದ ಕೈಯಿಂದಲೇ ನಿಂತಿತೆಂಬ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಇದು ಜ್ವರದ ಫಿಟ್ಸ್. 6 ತಿಂಗಳಿಂದ 5 ವರ್ಷದೊಳಗಿನ ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಒಮ್ಮೆಯಾದರೂ ಬರುವಂಥದ್ದು. ಬೆಳೆಯುತ್ತಿರುವ ಮೆದುಳು ಜ್ವರಕ್ಕೆ ಬೇಗ ಕೆರಳುತ್ತದೆ. ಅಪ್ಪ ಅಮ್ಮನಿಗೋ ಅಕ್ಕ ಅಣ್ಣನಿಗೋ ಚಿಕ್ಕಂದಿನಲ್ಲಿ ಬಂದಿದ್ದರೆ ಸಾಧ್ಯತೆ ಹೆಚ್ಚು. ಬಹುಪಾಲು ಜ್ವರದ ಮೊದಲ ದಿನವೇ ಬರುತ್ತದೆ. ಮಗುವಿಗೆ ಜ್ವರ ಇದೆಯೆಂದು ಎಷ್ಟೋ ಮನೆಗಳಲ್ಲಿ ತಿಳಿಯುವುದೇ ಫಿಟ್ಸ್ ಬಂದ ಮೇಲೆ. ಔಷಧಿ ಕೊಡುವುದು ತಡವಾಯಿತೆಂದು ತಾಯಿಯನ್ನು ದೂರುವುದು ದೊಡ್ಡ ಅನ್ಯಾಯ. ಪ್ಯಾರಾಸಿಟಮಾಲ್ ಮಗುವಿನ ಸಂಕಟ ತಗ್ಗಿಸುತ್ತದೆ, ಫಿಟ್ಸ್ ತಡೆಯುತ್ತದೆಂದು ನೆಚ್ಚುವಂತಿಲ್ಲ.

ಮೊದಲು ಗಡಿಯಾರ ನೋಡಿ. ಗಾಬರಿಯಲ್ಲಿ ಒಂದು ನಿಮಿಷ ಕಾಲು ಗಂಟೆಯಾಗಿ ತೋರುತ್ತದೆ, ಆದರೆ ಮುಂದಿನ ಚಿಕಿತ್ಸೆಯೆಲ್ಲ ಆ ಲೆಕ್ಕದ ಮೇಲೆಯೇ ನಿಂತಿದೆ. ಮಗುವನ್ನು ನೆಲದ ಮೇಲೆ ಚಾಪೆಯಲ್ಲೋ ಹಾಸಿಗೆಯಲ್ಲೋ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿದುಹೋಗಬೇಕು; ಅಂಗಾತ ಮಲಗಿಸಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಕತ್ತಿನ ಸುತ್ತ ಬಿಗಿಯಾಗಿರುವುದನ್ನು ಸಡಿಲಿಸಿ. ಬಾಯಿಗೆ ಏನನ್ನೂ ಹಾಕಬೇಡಿ: ಚಮಚ, ಬೆರಳು, ನೀರು, ಸಿರಪ್ ಯಾವುದೂ ಬೇಡ. ನಾಲಿಗೆ ನುಂಗಿಬಿಡುತ್ತದೆಂಬ ಭಯಕ್ಕೆ ಆಧಾರವಿಲ್ಲ, ಆದರೆ ಚಮಚದಿಂದ ಮುರಿದ ಹಲ್ಲು ಗಂಟಲಿಗೆ ಜಾರಬಹುದು. ಕೈಕಾಲು ಅದುಮಿ ಹಿಡಿಯುವುದೂ ಬೇಡ. ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ವೈದ್ಯರಿಗೆ ಅದಕ್ಕಿಂತ ಒಳ್ಳೆಯ ವಿವರಣೆ ಸಿಗದು.

ಹೆಚ್ಚಿನ ಸಲ ಐದು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ಐದು ನಿಮಿಷ ದಾಟಿತೋ, ಅದು ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತ ಹೋಗುತ್ತದೆ; 108ಕ್ಕೆ ಕರೆ ಮಾಡಬೇಕು. ಉಸಿರಾಟ ಸರಿಯಿಲ್ಲದಿದ್ದರೆ, ಸೆಳೆತ ನಿಂತ ಮೇಲೂ ತುಟಿ ನೀಲಿಯಾಗಿಯೇ ಇದ್ದರೆ ಅಷ್ಟು ಹೊತ್ತು ಕಾಯುವುದೂ ಬೇಡ. ಮುಂಚೆ ದೀರ್ಘವಾಗಿ ಫಿಟ್ಸ್ ಬಂದ ಮಕ್ಕಳಿಗೆ ವೈದ್ಯರು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಬರೆದುಕೊಡುತ್ತಾರೆ, ಎಷ್ಟು ಸಲ ಒತ್ತಬೇಕೆಂಬುದನ್ನು ಮಗುವಿನ ತೂಕ ನೋಡಿ ಹೇಳುತ್ತಾರೆ. ಅದನ್ನು ಪ್ರಯಾಣದಲ್ಲೂ ಜೊತೆಗಿಟ್ಟುಕೊಳ್ಳಬೇಕು.

ಮೊದಲ ಸಲ ಬಂದದ್ದಾದರೆ, ನಿಂತಮೇಲೂ ಅಂದೇ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಎಲ್ಲ ಜ್ವರದ ಸೆಳೆತವೂ ನಿರಪಾಯವಲ್ಲ. ಮಗುವಿನ ವಯಸ್ಸು 6 ತಿಂಗಳಿಗಿಂತ ಕಡಿಮೆ ಇದ್ದರೆ, ಸೆಳೆತ ಒಂದೇ ಬದಿಗೆ ಬಂದರೆ, 24 ಗಂಟೆಯೊಳಗೆ ಮರುಕಳಿಸಿದರೆ ವೈದ್ಯರು ಬೇರೆ ಕಾರಣ ಹುಡುಕುತ್ತಾರೆ. ಸಾಮಾನ್ಯ ಫಿಟ್ಸ್ ಆದ ಮಗು ಸ್ವಲ್ಪ ನಿದ್ದೆ ಮಾಡಿ, ಒಂದು ಗಂಟೆಯೊಳಗೆ ಅಮ್ಮನನ್ನು ಗುರುತಿಸಿ ಮೊದಲಿನಂತಾಗುತ್ತದೆ. ಹಾಗಾಗದೆ ಮಂಕಾಗಿಯೇ ಉಳಿದರೆ, ಕತ್ತು ಬಿಗಿದಿದ್ದರೆ, ನೆತ್ತಿ ಉಬ್ಬಿದ್ದರೆ, ವಾಂತಿ ನಿಲ್ಲದಿದ್ದರೆ ಮೆದುಳು ಪೊರೆಯ ಸೋಂಕೋ ಮೆದುಳು ಜ್ವರವೋ ಇರಬಹುದು. ಆಗ ಗಂಟೆಗಳೂ ಮುಖ್ಯ. ಬಳ್ಳಾರಿ, ರಾಯಚೂರು, ಮಂಡ್ಯ, ಕೋಲಾರದ ಕಡೆಯವರು ಸೊಳ್ಳೆಯಿಂದ ಬರುವ ಜಪಾನೀಸ್ ಮೆದುಳು ಜ್ವರವನ್ನು ಕಂಡವರೇ; ಅದಕ್ಕೆ ಲಸಿಕೆ ಇದೆ, ತಪ್ಪಿಸಬಾರದು.

ಜ್ವರದ ಔಷಧಿಯ ಬಗ್ಗೆ ಒಂದು ಮಾತು. ಪ್ಯಾರಾಸಿಟಮಾಲ್ ಲೆಕ್ಕ ಒಂದು ಸಲಕ್ಕೆ ಕೆಜಿ ತೂಕಕ್ಕೆ 15 ಮಿಲಿಗ್ರಾಂ, 10 ಕೆಜಿ ಮಗುವಿಗೆ 150. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಮಿಲಿಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ ಐದು ಮಿಲಿಗೆ 120 ಅಥವಾ 250. ಡ್ರಾಪ್ಸನ್ನು ಸಿರಪ್ ಎಂದುಕೊಂಡು ಐದು ಮಿಲಿ ಕುಡಿಸಿದರೆ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಪ್ರತಿ ಸಲ ಬಾಟಲಿ ಓದಿ ಅಳೆಯಿರಿ. ತಣ್ಣೀರು ಸುರಿಯುವುದರಿಂದ ಮಗು ನಡುಗುತ್ತದೆಯೇ ಹೊರತು ಪ್ರಯೋಜನವಿಲ್ಲ.

ಜ್ವರದ ಫಿಟ್ಸ್ ಬಂದ ಮೂವರಲ್ಲಿ ಸುಮಾರು ಒಬ್ಬರಿಗೆ ಮತ್ತೊಮ್ಮೆ ಬರುತ್ತದೆ. ಸಾಮಾನ್ಯ ಬಗೆಯದ್ದು ಬುದ್ಧಿಶಕ್ತಿಗೆ ಪೆಟ್ಟು ಕೊಡುವುದಿಲ್ಲ, ಮುಂದೆ ಮೂರ್ಛೆರೋಗವಾಗಿ ಉಳಿಯುವುದೂ ತೀರ ಅಪರೂಪ. ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ, ಅಂಗನವಾಡಿ ಟೀಚರಿಗೆ ಪಕ್ಕಕ್ಕೆ ಹೊರಳಿಸುವುದು ಹೇಗೆಂದು ಕೈಯಾರೆ ಮಾಡಿ ತೋರಿಸಿ. ಮಗುವಿನ ಈಗಿನ ತೂಕ ಮತ್ತು ವೈದ್ಯರ ಫೋನ್ ನಂಬರನ್ನು ಬರೆದುಕೊಡಿ.