ಹೆದ್ದಾರಿಯ ವೇಗವೂ ನಮ್ಮ ಮನೆಯ ಅವಸರವೂ

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಒಂದು ಹಿಂದಿನಿಂದ ಅಪ್ಪಳಿಸಿ 13 ಮಂದಿ ಅಸುನೀಗಿದರು. ಅವರು ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯ ಕಡೆಯವರು; ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದರು. ಇದಕ್ಕೆ ಮೊದಲು, 2021ರ ಜನವರಿ 15ರ ಬೆಳಿಗ್ಗೆ, ಧಾರವಾಡದ ಸಮೀಪದ ಇಟಿಗಟ್ಟಿ ಬಳಿ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ವಾಹನಕ್ಕೂ ಟಿಪ್ಪರಿಗೂ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಆ ಅವಘಡಗಳ ಹೊಣೆ ಯಾರದೆಂದು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಆದರೆ ಎರಡೂ ಸಂದರ್ಭಗಳಲ್ಲಿ ಬಲಿಯಾದವರು ನಮ್ಮ ನಿಮ್ಮಂತೆ ಒಟ್ಟಾಗಿ ಹೊರಟ ಗೃಹಸ್ಥರು ಎಂಬುದನ್ನು ಮರೆಯುವಂತಿಲ್ಲ.

ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಇವರಲ್ಲಿ ನೂರಕ್ಕೆ ಎಪ್ಪತ್ತೊಂದರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ.

ವೇಗದಿಂದ ನಾವು ಗಳಿಸುವುದಾದರೂ ಏನು? ನೂರು ಕಿಲೋಮೀಟರ್ ದೂರವನ್ನು ಗಂಟೆಗೆ 80ರ ವೇಗದಲ್ಲಿ ಕ್ರಮಿಸಿದರೆ ಒಂದೂಕಾಲು ಗಂಟೆ, 100ರ ವೇಗದಲ್ಲಾದರೆ ಒಂದು ಗಂಟೆ. ಉಳಿದ ಹದಿನೈದು ನಿಮಿಷ ದಾರಿಯ ಹೋಟೆಲಿನಲ್ಲಿ ಮಿರ್ಚಿ ಮಂಡಕ್ಕಿಗೆ ಸರಿಹೋಗುತ್ತದೆ. ಕಳೆದುಕೊಳ್ಳುವುದನ್ನು ನೋಡೋಣ. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕ್ ಇರುವ ಕಾರು ಕೂಡ, ಚಾಲಕನು ಅಪಾಯವನ್ನು ಕಂಡ ಕ್ಷಣದಿಂದ ಪೂರ್ತಿ ನಿಲ್ಲುವಷ್ಟರಲ್ಲಿ, 80ರ ವೇಗದಲ್ಲಿ ಸುಮಾರು 70 ಮೀಟರ್, 100ರ ವೇಗದಲ್ಲಿ ಸುಮಾರು 100 ಮೀಟರ್ ಮುಂದೆ ಹೋಗಿರುತ್ತದೆ. ತಗ್ಗಿಸಿದ ದೀಪದ ಬೆಳಕು ಅಷ್ಟು ದೂರ ಚೆನ್ನಾಗಿ ತಲುಪುವುದೇ ಇಲ್ಲ. ಕತ್ತಲಲ್ಲಿ ದೀಪವಿಲ್ಲದೆ ನಿಂತ ಲಾರಿ ಕಣ್ಣಿಗೆ ಬೀಳುವ ವೇಳೆಗೆ ಬ್ರೇಕಿನ ಕಾಲ ಮೀರಿರುತ್ತದೆ. ಡಿಕ್ಕಿಯ ಬಲವಂತೂ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 80ಕ್ಕಿಂತ 100ರಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು.

ಇಷ್ಟೆಲ್ಲ ತಿಳಿದೂ ಚಾಲಕನನ್ನು ಅವಸರಿಸುವವರು ಯಾರು? ಬಹುಪಾಲು ನಾವೇ ಎಂದು ಹೇಳಬೇಕಾಗಿದೆ. ಹತ್ತು ಗಂಟೆಯ ಮುಹೂರ್ತಕ್ಕೆ ಏಳಕ್ಕೆ ಹೊರಡುವುದು. ಹೆಂಗಸರ ಸಿಂಗಾರ, ಗಂಡಸರ ಪತ್ರಿಕೆ ಎರಡೂ ಮುಗಿಯದೆ ತಡವಾಗುವುದು. ಆ ತಡವನ್ನೆಲ್ಲ "ತಮ್ಮಾ, ಸ್ವಲ್ಪ ಜೋರಾಗಿ ಬಿಡಪ್ಪಾ" ಎಂಬ ಒಂದು ಮಾತಿನಿಂದ ಚಾಲಕನ ತಲೆಗೆ ಕಟ್ಟುವುದು. ಇನ್ನು ಎರಡು ದಿನಕ್ಕೆ ನಾಲ್ಕು ಕ್ಷೇತ್ರ ನೋಡುವ ಯಾತ್ರೆಗಳಲ್ಲಿ ನಾವು ದರ್ಶನ ಮಾಡಿ, ಪ್ರಸಾದ ಸ್ವೀಕರಿಸಿ, ವಾಹನದಲ್ಲಿ ಸುಖವಾಗಿ ನಿದ್ರಿಸುತ್ತೇವೆ. ಸ್ಟೇರಿಂಗ್ ಹಿಡಿದವನ ನಿದ್ದೆಯ ಲೆಕ್ಕವನ್ನು ಇಟ್ಟವರಿಲ್ಲ. ಮೋಟಾರು ಸಾರಿಗೆ ಕೆಲಸಗಾರರ 1961ರ ಕಾಯಿದೆಯು ದಿನಕ್ಕೆ ಎಂಟು ಗಂಟೆ ದುಡಿಮೆಯ ಮಿತಿಯನ್ನೂ, ಐದು ಗಂಟೆಯ ದುಡಿಮೆಯ ನಂತರ ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸಿತ್ತು. ಕಾಯಿದೆಯ ಮಾತು ಹಾಗಿರಲಿ, ದಾಸೋಹದ ಪಂಕ್ತಿಯಲ್ಲಿ ಚಾಲಕನನ್ನು ನಮ್ಮೊಡನೆ ಕೂರಿಸಿಕೊಂಡು, ಉಂಡ ಮೇಲೆ ಅವನಿಗೊಂದು ಚಾಪೆ, ದಿಂಬು ಒದಗಿಸುವುದು ಕಷ್ಟವೇನಲ್ಲ. ಕಾಯಕವನ್ನು ಗೌರವಿಸುವ ಪರಂಪರೆಯವರು ನಾವು. ವಾಹನ ನಡೆಸುವುದೂ ಒಂದು ಕಾಯಕವೇ. ರಾತ್ರಿ ಹನ್ನೆರಡರಿಂದ ಬೆಳಗಿನ ಐದರವರೆಗೆ ವಾಹನ ನಿಲ್ಲಿಸಿ ಮಠದ ಆವರಣದಲ್ಲೋ ಯಾತ್ರಿನಿವಾಸದಲ್ಲೋ ತಂಗುವುದನ್ನು ಪ್ರತಿ ಕುಟುಂಬವೂ ರೂಢಿಸಿಕೊಳ್ಳಬೇಕೆಂದು ನಾವು ಒತ್ತಾಯಿಸುತ್ತೇವೆ. ಒಂದು ದಿನದ ಬಾಡಿಗೆ ಹೆಚ್ಚಾದೀತು, ಆಗಲಿ.

ಚಾಲಕರ ನಡುವಿನ ಸೌಜನ್ಯವೂ ಇದಕ್ಕೆ ಸೇರಿದ್ದೇ. ಎದುರಿಗೆ ವಾಹನ ಬಂದಾಗ ದೀಪವನ್ನು ತಗ್ಗಿಸುವುದು, ಮುಖ ಕಾಣದ ಇಬ್ಬರು ಕತ್ತಲಲ್ಲಿ ಪರಸ್ಪರ ಶರಣು ಹೇಳಿಕೊಂಡಂತೆ. ಒಬ್ಬರು ತಗ್ಗಿಸದಿದ್ದರೆ ಇನ್ನೊಬ್ಬರೂ ಹಟಕ್ಕೆ ಬಿದ್ದು ಹೆಚ್ಚಿಸುತ್ತಾರೆ; ಆಗ ಇಬ್ಬರಿಗೂ ದಾರಿ ಕಾಣದು. ಹಿಂದಿನವನು ಮುಂದೆ ಹೋಗಬಯಸಿದರೆ ಎಡಕ್ಕೆ ಸರಿದು ಬಿಡುವುದರಲ್ಲಿ ಯಾರ ಮಾನವೂ ಹೋಗುವುದಿಲ್ಲ. ಗುದ್ದುವಷ್ಟು ಹತ್ತಿರ ಬಂದು ಹಾರ್ನ್ ಬಾರಿಸುವವರ ವಾಹನದ ಗಾಜಿನ ಮೇಲೆ ಬಸವಣ್ಣನವರ ಚಿತ್ರವಿರುವುದನ್ನು ಕಂಡಾಗ ನಮಗೆ ಸಂಕೋಚವೆನಿಸುತ್ತದೆ.

ಹೆದ್ದಾರಿ ವಾಹನಗಳಿಗಷ್ಟೇ ಸೇರಿದ್ದಲ್ಲ. ಯುಗಾದಿಯ ಮುನ್ನ ಉತ್ತರ ಕರ್ನಾಟಕದ ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಬಿಸಿಲಿಗೆ ಅಂಜಿ ರಾತ್ರಿ, ನಸುಕುಗಳಲ್ಲೇ ದಾರಿ ಸವೆಸುವವರು ಹಲವರು. ದಾವಣಗೆರೆಯಿಂದ ಕೊಟ್ಟೂರಿಗೆ ಪಾದಯಾತ್ರೆ ಹೋಗುವವರಿದ್ದಾರೆ. ಉಳವಿಯ ಜಾತ್ರೆಗೆ ಇಂದಿಗೂ ಚಕ್ಕಡಿಗಳು ಸಾಲುಗಟ್ಟುತ್ತವೆ. ಇಂಥವರನ್ನು ಕಂಡಾಗ ವೇಗ ತಗ್ಗಿಸಿ, ಅಂತರ ಬಿಟ್ಟು ಸಾಗುವುದು ವಾಹನದವರ ಹೊಣೆ. ನಡೆಯುವವರೂ ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ, ಒಬ್ಬರ ಹಿಂದೊಬ್ಬರಾಗಿ ಸಾಗಬೇಕು. ತಂಡದ ಮೊದಲಿಗ ಮತ್ತು ಕೊನೆಯವನ ಕೈಯಲ್ಲಿ ಬ್ಯಾಟರಿ ಇರಲಿ. ಚಕ್ಕಡಿಯ ಹಿಂದೆ, ಚೀಲಗಳ ಬೆನ್ನಿಗೆ, ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿಕೊಳ್ಳಬೇಕು. ವಾಹನಗಳ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಅದು ಕಡಿಮೆ ಬೆಲೆಗೆ ಸಿಗುತ್ತದೆ. ಯಾತ್ರೆಯ ಸಾಮಾನಿನ ಪಟ್ಟಿಯಲ್ಲಿ ವಿಭೂತಿ, ಕರ್ಪೂರಗಳ ಜೊತೆಗೆ ಅದನ್ನೂ ಈ ಸಲ ಬರೆದುಕೊಳ್ಳಿರಿ.