ಕಾರಿಗೊಂದು ಕಂಠ ಬೇಕೆಂದು
ನನ್ನ ಹಳೆಯ ಮಾರುತಿ 800 ಕಾರಿಗೆ ಗಂಭೀರ ಧ್ವನಿ ಬರಲೆಂದು ಬೆಂಗಳೂರಿನ ಜೆ.ಸಿ. ರಸ್ತೆಯ ಗ್ಯಾರೇಜೊಂದಕ್ಕೆ ಹೋಗಿದ್ದೆ. ಕೈಯಲ್ಲಿದ್ದ ದುಡ್ಡಿಗೆ ಆಗುವುದೊಂದೇ: ಸೈಲೆನ್ಸರಿನ ಹಿಂಬದಿಯ ಡಬ್ಬ ಕತ್ತರಿಸಿ ನೇರ ಕೊಳವೆ ಬೆಸೆಯುವುದು. ಆ ಡಬ್ಬದೊಳಗಿನ ರಂಧ್ರಗಳುಳ್ಳ ಕೊಳವೆಗಳೂ ಕೋಣೆಗಳೂ ಶಬ್ದದ ಅಲೆಗಳನ್ನು ಅಡಗಿಸುತ್ತವೆಂದು ಆಗ ಯೋಚಿಸಿದವರಾರು? 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ ಗರ್ಜಿಸಲಿಲ್ಲ. ಒಡೆದ ತಮಟೆಯಂತೆ ಅರಚಿತು. ವೇಗವೂ ಹೆಚ್ಚಲಿಲ್ಲ. ಪುಣ್ಯಕ್ಕೆ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮುಟ್ಟಲು ಮೆಕ್ಯಾನಿಕ್ ಒಪ್ಪಲಿಲ್ಲ.

ಇಂಥ ಶಬ್ದಕ್ಕೆ ಮೋಟಾರು ವಾಹನ ಕಾಯ್ದೆಯಡಿ ವಿಧಿಸುವ ದಂಡವನ್ನು 2019ರ ತಿದ್ದುಪಡಿ 10,000 ರೂಪಾಯಿಗಳವರೆಗೆ ಏರಿಸಿತು. ನನ್ನನ್ನು ತಡೆದದ್ದು ಮಾತ್ರ ಪೊಲೀಸರಲ್ಲ. ಒಂದು ರಾತ್ರಿ ಮನೆ ತಲುಪಿದಾಗ ಪಕ್ಕದ ಮನೆಯಾಕೆ, ಅಳುತ್ತಿದ್ದ ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ಬಳಿ ಮೌನವಾಗಿ ನಿಂತಿದ್ದರು. ಮರುದಿನವೇ ಗ್ಯಾರೇಜಿಗೆ ಓಡಿದೆ. ಹಳೆಯ ಡಬ್ಬ ಅಷ್ಟರಲ್ಲಿ ಗುಜರಿ ಸೇರಿತ್ತು. ಹೊಸದನ್ನು ಪೂರ್ತಿ ಬೆಲೆ ತೆತ್ತು ಹಾಕಿಸಿಕೊಂಡೆ.